ಅಳಿಸಿದ ಎರಡು ಹೆಸರು

ಶಾಲೆಗಳ ಪದಪಟ್ಟಿಯಿಂದ ಅಳಿಸಿದ ಪದ ಸಂಜೆಯೊಳಗೆ ಎಲ್ಲರ ತಲೆಯಿಂದಲೂ ಅಳಿದುಹೋಗುತ್ತಿತ್ತು. ಹೆಸರೇ ಉಳಿಯದ ವಸ್ತು ಏತಕ್ಕೆಂಬುದೂ ಮರೆತುಹೋಗುತ್ತಿತ್ತು. ಹಾಗಾಗಿ ಒಂದು ವಸ್ತುವಿಗೆ ಎರಡು ಹೆಸರಿದ್ದರೆ ಒಂದನ್ನು ಉಳಿಸಲೇಬೇಕೆಂಬ ನಿಯಮವಿತ್ತು.

ಒಂದು ಬೆಳಿಗ್ಗೆ, ಆ ಪಟ್ಟಿಯನ್ನು ನೋಡಿಕೊಳ್ಳುವ ಸುಲೋಚನಾ ತನ್ನ ಚೀಲದಲ್ಲಿ ಸಿಕ್ಕ, ಸಾಲಾಗಿ ತೂತುಗಳಿದ್ದ ಬಿದಿರಿನ ತುಂಡನ್ನು ಮೇಜಿನ ಮೇಲಿಟ್ಟಳು.

“ಇದೇನು ಸಾರ್?”

ಸಹೋದ್ಯೋಗಿ ವೀರಭದ್ರಪ್ಪ ನಿನ್ನೆ ಅಳಿಸಿದ ಪದಗಳ ಚೀಟಿಗಳನ್ನು ತಿರುವಿದರು. “ಯಾವುದೋ ಒಂದೇ ವಸ್ತುವಿಗೆ ಎರಡು ಚೀಟಿ ಇವೆ. ನಿಮ್ಮ ಪದ ಉಳಿಯುತ್ತೆ ಅಂತ ನಾನು ನನ್ನದನ್ನ ಅಳಿಸಿದೀನಿ. ನನ್ನದು ಉಳಿಯುತ್ತೆ ಅಂತ ನೀವು ನಿಮ್ಮದನ್ನ.”

“ವಾಪಸ್ ಸೇರಿಸೋಣ.”

“ಅದೇನು ಅಂತ ವಿವರಣೆ ಬರೀಬೇಕಲ್ಲ ಮೇಡಂ.”

ಸುಲೋಚನಾ ಅದನ್ನು ಕೈಗೆತ್ತಿಕೊಂಡಳು. ಬೆರಳುಗಳು ತಾವಾಗಿಯೇ ಒಂದೊಂದು ತೂತಿನ ಮೇಲೆ ಹೋಗಿ ಕೂತವು. ಮುಂದೇನೆಂದು ತೋಚದೆ ಅವಳು ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು. ಕತ್ತಲಷ್ಟೇ ಕಂಡಿತು.