ಎರಡು ಮೊಳ ಮಲ್ಲಿಗೆ

ಎದುರು ಮನೆಯವಳ ಕೂಸು ಹುಟ್ಟಿದ ಒಂಬತ್ತನೆಯ ದಿನ ತೀರಿಕೊಂಡಿತು. ಅದಾಗಿ ಮೂರನೆಯ ದಿನ ನಾನೂ ಪಕ್ಕದ ಮನೆಯ ವಿಶಾಲಕ್ಕನೂ ಅವಳನ್ನು ಮಾತಾಡಿಸಿಕೊಂಡು ಬರಲು ಹೊರಟೆವು.

"ಹೋದ ತಕ್ಷಣ ತಬ್ಕೊಳ್ಳಲಾ, ಸುಮ್ನೆ ಕೂರಲಾ?" ಎಂದು ಕೇಳಿದೆ.

"ತಬ್ಕೊ. ಸೂತಕ ಅಂದ್ರೆ ಬಂದು ಸ್ನಾನ ಮಾಡಿದ್ರಾಯ್ತು. ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ವಂತೆ ಅವಳು. ಅತ್ರೆ ಹಗುರ ಆಗ್ತಾಳೆ."

ಗೇಟಿನ ಹತ್ತಿರ ಅವಳ ತಾಯಿ ಹೂವಿನವಳಿಂದ ಎರಡು ಮೊಳ ಮಲ್ಲಿಗೆ ತೆಗೆದುಕೊಳ್ಳುತ್ತಿದ್ದರು. ವಿಶಾಲಕ್ಕ ನನ್ನ ತೋಳು ಚಿವುಟಿದರು.

ಅವಳು ಒಳಕೋಣೆಯಲ್ಲಿ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿಟ್ಟಿದ್ದ ಕಾಫಿ ಕೆನೆಗಟ್ಟಿತ್ತು. ಕೋಣೆಯ ತುಂಬ ಮಲ್ಲಿಗೆಯ ಘಮ. ನಮ್ಮನ್ನು ನೋಡಿದಳು, ಆದರೆ ಯಾರು ಬಂದರೆಂದು ಗೊತ್ತಾದಂತೆ ಕಾಣಲಿಲ್ಲ.

ನಾನು ಬಗ್ಗಿ ತೋಳು ಚಾಚಿದೆ. ಅವಳು ಎರಡೂ ಕೈ ಅಡ್ಡ ಹಿಡಿದು ಹಿಂದಕ್ಕೆ ಸರಿದಳು.

"ಬೇಡ ಅಕ್ಕ."

"ಯಾಕಮ್ಮ, ನಾನೇನು ಹೊರಗಿನವಳಾ?"

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳ ಹಾಸಿಗೆಯ ಸುಕ್ಕು ಸರಿಮಾಡಿ ಎದ್ದೆ.

ನಾವು ನಡುಮನೆಗೆ ಬಂದಾಗ ತಾಯಿ ಹೂವನ್ನು ಬಾಳೆಲೆಯಿಂದ ಬಿಡಿಸುತ್ತಿದ್ದರು. ವಿಶಾಲಕ್ಕನಿಗೆ ತಡೆಯಲಾಗಲಿಲ್ಲ.

"ಕೂಸು ಹೋಗಿ ಇನ್ನೂ ಮೂರು ದಿನ. ಇಷ್ಟು ಬೇಗ ಹೂವು ಮುಡೀಬೇಕಿತ್ತಾ ಅವಳು?"

ತಾಯಿ ತಲೆ ಎತ್ತಲಿಲ್ಲ.

"ಮುಡಿಯೋಕಲ್ಲಮ್ಮ. ಹಾಲು ಕಟ್ಕೊಂಡು, ಯಾರು ಮುಟ್ಟಿದ್ರೂ ನೋಯ್ತಿದೆ ಅವಳಿಗೆ. ಬತ್ತಲಿ ಅಂತ ಎದೆಗೆ ಕಟ್ಟೋಕೆ."