ಅತ್ತೆ ಕಳಿಸಿದ ಚಿಗಳಿ

ಹಲ್ಲಿನ ಡಾಕ್ಟರು ಮಗಳ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. "ಇದು ಹುಳುಕಲ್ಲಮ್ಮ. ಹುಳಿಗೆ ಹಲ್ಲೇ ಸವೆದುಹೋಗಿದೆ. ದಿನಾ ಏನು ಕೊಡ್ತೀರಿ? ಕೂಲ್‌ಡ್ರಿಂಕ್ಸಾ, ಹುಳಿ ತಿಂಡೀನಾ?"

ನಾನು ಕೂಲ್‌ಡ್ರಿಂಕ್ಸನ್ನು ಮನೆಯೊಳಗೇ ಬಿಟ್ಟುಕೊಂಡವಳಲ್ಲ. ತಟ್ಟನೆ ನೆನಪಾಯಿತು: ಊರಿನಿಂದ ಅತ್ತೆ ಆಗೊಮ್ಮೆ ಈಗೊಮ್ಮೆ ಕಳಿಸುವ ಹುಣಸೆಹಣ್ಣಿನ ಚಿಗಳಿ.

"ನಿಮ್ಮಮ್ಮಂದೇ ಕೆಲಸ," ಎಂದೆ ಗಂಡನಿಗೆ.

"ಹೂಂ. ಎಷ್ಟು ಹೇಳಿದ್ರೂ ಕೇಳಲ್ಲ," ಎಂದರು. ಮಗಳು ಅಪ್ಪನ ಮುಖವನ್ನೇ ನೋಡಿದಳು.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆಯೇ ನಿಂತು ಅತ್ತೆಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಅಂದೆ. ಈ ಸಲ ರಜಕ್ಕೆ ಮಗಳನ್ನು ಕಳಿಸುವುದಿಲ್ಲ ಎಂದೂ ಹೇಳಿದೆ.

"ಮಗೀಗೆ ನೋವು ಜಾಸ್ತಿ ಐತೇನವ್ವ?" ಎಂದಷ್ಟೇ ಕೇಳಿದರು ಅತ್ತೆ.

ಡಾಕ್ಟರು ಹೇಳಿದ ಮೆತ್ತನೆಯ ಬ್ರಶ್ ಕೊಳ್ಳಬೇಕಿತ್ತು. ದಿನಾ ಸಂಜೆ ಗಂಡ ಮಗಳನ್ನು ಕರೆತರುವ ಸ್ಕೂಲಿನ ಎದುರೇ ಒಂದು ಅಂಗಡಿ ಕಂಡಿತು. "ಇಲ್ಲಿ ಬೇಡ, ಮುಂದೆ ತಗೊಳ್ಳೋಣ," ಎಂದರು ಅವರು. ನಾನು ಕೇಳದೆ ಸ್ಕೂಟರಿನಿಂದ ಇಳಿದು, ಮಗಳ ಕೈ ಹಿಡಿದು ನಡೆದೆ.

ಮಗಳನ್ನು ಕಂಡವನೇ ಅಂಗಡಿಯವನು ಫ್ರಿಜ್ಜಿನಿಂದ ಕಿತ್ತಳೆ ಬಣ್ಣದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಅವಳ ಕೈಗಿಟ್ಟ. ನಮ್ಮ ಹಿಂದೆಯೇ ಬಂದ ಗಂಡನತ್ತ ನೋಡಿ ನಕ್ಕ.

"ಏನ್ ಸಾರ್, ಭಾನುವಾರಾನೂ ಬಿಡಲ್ವಾ ಪಾಪು?"