ಬಸ್ಕಿ

ಕಾಲು ಚಾಚಿ ಮಲಗಿದ್ದ ಮುದುಕರನ್ನು ಕಂಡಕೂಡಲೇ ಫಿಸಿಯೋಥೆರಪಿಸ್ಟ್ ವನಮಾಲಾಗೆ ಗುರುತು ಹತ್ತಿತು. ಡ್ರಿಲ್ ಮೇಷ್ಟ್ರು! ಕೀಲುವಾತದಿಂದ ಮಂಡಿ ಊದಿ, ಪ್ರಾರ್ಥನೆಗೆ ಚಕ್ಕಳಮಕ್ಕಳ ಹಾಕಿ ಕೂರಲಾರದೆ ನಿಂತಿದ್ದ ಅವಳನ್ನು ಇಡೀ ಶಾಲೆಯೆದುರು ಎಳೆದು ತಂದು, "ನಾಟಕ ಆಡ್ತೀಯಾ? ಹೊಡಿ ಬಸ್ಕಿ!" ಎಂದು ಗದರಿದ್ದವರು. ಅವಳು ಮುಗ್ಗರಿಸಿ ಬಿದ್ದಾಗ ಎಲ್ಲರೂ ನಕ್ಕಿದ್ದರು. ಇಂದಿಗೂ ಬೆಳಿಗ್ಗೆ ಎದ್ದರೆ ಅವಳ ಮಂಡಿಗಳು ಮರದ ಕೊರಡು. ಆ ನಗುವೂ ಅಲ್ಲೇ ಕೀಲುಗಳಲ್ಲಿ ಕೂತಿದೆ.

ಆಪರೇಷನ್ ಆದ ಮೇಲೂ ಮೇಷ್ಟ್ರ ಮಂಡಿ ಬಗ್ಗುತ್ತಿರಲಿಲ್ಲ. ಬಗ್ಗಿಸುವುದು ಅವಳ ಕೆಲಸ. ಅವರಿಗೆ ಇವಳ ಗುರುತು ಹತ್ತಿದಂತಿರಲಿಲ್ಲ.

"ಅಯ್ಯಯ್ಯೋ, ಸಾಕಮ್ಮಾ!"

"ನಾಟಕ ಆಡ್ಬೇಡಿ. ಇನ್ನೂ ಬಗ್ಗಿಸಿ."

ಅವರು ಚೀರಿದಷ್ಟೂ ಅವಳು ಒತ್ತಿದಳು. ದಿನವೂ ಅದೇ. ಅವರ ಕಣ್ಣೀರು ದಿಂಬಿಗೆ ಇಳಿಯುವಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಕಡೆಗೊಂದು ದಿನ ಮೇಷ್ಟ್ರು ಕೋಲಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದು ಕೈ ಮುಗಿದರು.

"ಬೇರೆಯೋರೆಲ್ಲ ನಾನು ಕೂಗಿದ್ರೆ ಪಾಪ ಅಂತ ಬಿಟ್ಬಿಡೋರು. ನೀನು ಬಿಡ್ಲಿಲ್ಲ. ಬದುಕ್ಕೊಂಡೆ ತಾಯಿ."

ವನಮಾಲಾಳ ಮೈ ಉರಿದುಹೋಯಿತು. "ನಿಮ್ಮನ್ನ ಬದುಕಿಸೋಕೆ ಅಲ್ಲ ಮೇಷ್ಟ್ರೇ, ಅಳಿಸೋಕೆ ಒತ್ತಿದ್ದು. ನಾನ್ಯಾರು ಗೊತ್ತಾ? ಊದಿದ ಮಂಡೀಲಿ ನೀವು ಬಸ್ಕಿ ಹೊಡೆಸಿದ ಹುಡುಗಿ!"

"ಗೊತ್ತಮ್ಮಾ," ಎಂದರು ಮೇಷ್ಟ್ರು. "ನನ್ನ ಮೇಲೆ ಒಂಚೂರೂ ಕನಿಕರ ಇಲ್ಲದೋರು ಬೇಕಾಗಿತ್ತು. ಅದಕ್ಕೇ ನಿನ್ನನ್ನೇ ಹುಡುಕ್ಕೊಂಡು ಬಂದೆ."